ಬಸ್ ಹತ್ತಲು ಭಯ: ಸಿಬಿಟಿಯಿಂದ ಹೋಗುತ್ತದೆಯೇ?

ಪ್ರಶ್ನೆ: ನನಗೆ 34 ವರ್ಷ, ಶಾಲಾ ಶಿಕ್ಷಕಿ. ಆರು ತಿಂಗಳ ಹಿಂದೆ ಬಸ್ಸಿನಲ್ಲಿ ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆದುಕೊಂಡು, ಉಸಿರು ಕಟ್ಟಿದಂತಾಗಿ, ಜೀವವೇ ಹೋಗುತ್ತದೆ ಎನಿಸಿತು. ಇಸಿಜಿ, ಎಕೋ, ಥೈರಾಯ್ಡ್ ಎಲ್ಲವೂ ಸರಿಯಾಗಿವೆ. ಆದರೂ ಮತ್ತೆ ಮತ್ತೆ ಹೀಗಾಗುತ್ತಿರುವುದರಿಂದ ಬಸ್ ಹತ್ತುವುದನ್ನೇ ಬಿಟ್ಟಿದ್ದೇನೆ. ಮನೋವೈದ್ಯರು ಇದು ಪ್ಯಾನಿಕ್ ತೊಂದರೆಯೆಂದು ಹೇಳಿ, ಮಾತ್ರೆಯ ಜೊತೆ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಮನೋಚಿಕಿತ್ಸೆ) ಮಾಡಿಸಿಕೊಳ್ಳಲು ಸೂಚಿಸಿದ್ದಾರೆ. ಬರೀ ಮಾತಿನಿಂದ ಇದು ವಾಸಿಯಾದೀತೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಬರೀ ಮಾತಿನಿಂದ ವಾಸಿಯಾಗುವುದಿಲ್ಲ, ಸಿಬಿಟಿಯಲ್ಲಿ ಆಡುವ ಮಾತಿಗಿಂತ ಮಾಡಿ ನೋಡುವುದಕ್ಕೇ ಹೆಚ್ಚು ಬೆಲೆ.

ಯಾವುದೇ ಸಂದರ್ಭಕ್ಕೂ ಅದರಿಂದ ಹುಟ್ಟುವ ಭಾವನೆಗೂ ನಡುವೆ, ನಮಗೇ ತಿಳಿಯದಷ್ಟು ಬೇಗ ಒಂದು ಯೋಚನೆ ತಾನಾಗಿ ಹಾದುಹೋಗುತ್ತದೆ ಎಂಬುದನ್ನು ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಖಿನ್ನತೆಯ ರೋಗಿಗಳಲ್ಲಿ ಗುರುತಿಸಿ, ಅದರ ಮೇಲೆಯೇ ಚಿಕಿತ್ಸೆಯನ್ನು ರೂಪಿಸಿದರು. ನಿಮ್ಮ ವಿಷಯದಲ್ಲಿ ಆ ಯೋಚನೆ ಬಹುಶಃ ‘ಹೃದಯ ನಿಂತೇಹೋಗುತ್ತದೆ’ ಎಂಬುದು. ಅದು ಬಂದೊಡನೆ ಭಯ, ಭಯದಿಂದ ಅಡ್ರಿನಲಿನ್ ಹಾರ್ಮೋನು, ಅದರಿಂದ ಎದೆಬಡಿತ ಇನ್ನಷ್ಟು ಜೋರು. ಆಗ ಯೋಚನೆ ನಿಜವೆಂದೇ ತೋರುತ್ತದೆ. ನೀವು ಬಸ್ಸಿನಿಂದ ಇಳಿದುಬಿಟ್ಟರೆ ನೆಮ್ಮದಿಯೇನೋ ಆಗುತ್ತದೆ, ಆದರೆ ‘ಇಳಿದದ್ದರಿಂದ ಬದುಕಿದೆ’ ಎಂದು ಮನಸ್ಸು ಲೆಕ್ಕ ಬರೆದುಕೊಳ್ಳುತ್ತದೆ. ಇಳಿಯದೆ ಕೂತಿದ್ದರೂ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಭಯದ ಜೋರು ಮುಗಿದು, ತಾನೇ ಇಳಿಯತೊಡಗುತ್ತಿತ್ತು ಎಂಬುದನ್ನು ಕಂಡುಕೊಳ್ಳುವ ಅವಕಾಶವೇ ಮನಸ್ಸಿಗೆ ಸಿಗುವುದಿಲ್ಲ.

ಆ ಅವಕಾಶವನ್ನು ಚಿಕಿತ್ಸಕರು ಒದಗಿಸುತ್ತಾರೆ. ಅವರ ಕೋಣೆಯಲ್ಲಿಯೇ ಒಂದು ನಿಮಿಷ ನಿಂತಲ್ಲೇ ಓಡಿಸಿ ಅಥವಾ ಜೋರಾಗಿ ಉಸಿರಾಡಿಸಿ, ನೀವು ಹೆದರುವ ಅದೇ ಎದೆಬಡಿತವನ್ನು, ಅದೇ ತಲೆಸುತ್ತನ್ನು ಬೇಕೆಂದೇ ಬರಿಸುತ್ತಾರೆ. ಅದು ಏನೂ ಅನಾಹುತ ಮಾಡದೆ ಇಳಿದುಹೋಗುವುದನ್ನು ನೀವೇ ನೋಡುತ್ತೀರಿ. (ಇದನ್ನು ಮನೆಯಲ್ಲಿ ಒಬ್ಬರೇ ಮಾಡಬೇಡಿ, ಆಸ್ತಮಾ ಇದ್ದರೆ, ಗರ್ಭಿಣಿಯಾಗಿದ್ದರೆ ಮೊದಲೇ ತಿಳಿಸಿ.) ಆಮೇಲೆ ಬಸ್ಸಿನಲ್ಲಿ ಒಂದು ಸ್ಟಾಪ್, ಮುಂದಿನ ವಾರ ಮೂರು, ನಂತರ ಜೊತೆಗಾರರಿಲ್ಲದೆ. ‘ಧೈರ್ಯ ತಂದುಕೋ’ ಎಂಬ ಮನೆಯವರ ಉಪದೇಶಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ: ಇಲ್ಲಿ ಯಾರೂ ನಂಬಿ ಎನ್ನುವುದಿಲ್ಲ, ಪರೀಕ್ಷಿಸಿ ಎನ್ನುತ್ತಾರೆ.

ಸಾಮಾನ್ಯವಾಗಿ ವಾರಕ್ಕೊಂದು ಭೇಟಿಯಂತೆ ಮೂರು ತಿಂಗಳು ಹಿಡಿಯಬಹುದು. ಹೋಮ್‌ವರ್ಕ್ ಇರುತ್ತದೆ, ಮಕ್ಕಳಿಗೆ ಕೊಟ್ಟು ಅಭ್ಯಾಸವಿರುವ ನಿಮಗೆ ಅದನ್ನು ತಪ್ಪಿಸಿಕೊಳ್ಳುವ ನೆಪಗಳೂ ಗೊತ್ತಿರುತ್ತವೆ! ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಮಾನಸಿಕ ಆರೋಗ್ಯ ಸಂಸ್ಥೆಗಳಾದ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್‌ಗಳಲ್ಲಿ ವಿಚಾರಿಸಬಹುದು. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು. ಮೊದಲ ಭೇಟಿಗೆ ಮುನ್ನ ಒಂದು ವಾರ ನೋಟ್‌ಬುಕ್ಕಿನಲ್ಲಿ ಬರೆದಿಡಿ: ಎಲ್ಲಿದ್ದಿರಿ, ಏನು ಯೋಚನೆ ಬಂತು, ಭಯ ನೂರಕ್ಕೆ ಎಷ್ಟಿತ್ತು, ಕೊನೆಗೆ ನಿಜವಾಗಿ ಆದದ್ದೇನು.