ಸಿಸ್ಟರ್ ಉತ್ತರ: ಮಗಳು ಕಾನ್ವೆಂಟಿಗೆ ಹೊರಟಿದ್ದಾಳೆ

ಪ್ರಶ್ನೆ: ಮಗಳು ಬಿ.ಎಸ್ಸಿ. ಕೊನೆಯ ವರ್ಷ. ಪರೀಕ್ಷೆ ಮುಗಿಸಿ ಸಿಸ್ಟರ್ ಆಗುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಅವರಪ್ಪ ಅವಳ ಹತ್ತಿರ ಮಾತು ಬಿಟ್ಟಿದ್ದಾರೆ. ಒಮ್ಮೆ ಒಳಗೆ ಹೋದರೆ ವಾಪಸ್ ಬರುವಂತಿಲ್ಲ ಅನ್ನುತ್ತಾರೆ, ನಿಜವೇ? ನಾಳೆ ನಾವು ಹಾಸಿಗೆ ಹಿಡಿದರೆ ಅವಳನ್ನು ಕಳಿಸುತ್ತಾರಾ?
– ಹೆಸರು ಬೇಡ, ಹೊಸನಗರ ತಾಲ್ಲೂಕು

ಉತ್ತರ: ಅಮ್ಮಾ, ಮೊದಲು ನಿಮ್ಮ ಯಜಮಾನರ ವಿಷಯ. ನಮ್ಮಪ್ಪನೂ ಮಾತು ಬಿಟ್ಟಿದ್ದರು. ಬೈಯಲು ಕೊಂಕಣಿಯಲ್ಲಿ ಬೇಕಾದಷ್ಟು ಮಾತಿದ್ದರೂ ಅವರು ಆರಿಸಿಕೊಂಡದ್ದು ಮೌನವನ್ನೇ. ಕೊನೆಗೆ ನನ್ನ ಟ್ರಂಕಿಗೆ ಬೀಗ ತಂದುಕೊಟ್ಟವರೂ ಅವರೇ. ಅವಸರ ಮಾಡಬೇಡಿ.

ವಾಪಸ್ ಬರುವಂತಿಲ್ಲ ಅನ್ನುವುದು ಸುಳ್ಳು. ಸೇರಿದ ಮರುದಿನ ಯಾರೂ ವ್ರತ ಕೊಡುವುದಿಲ್ಲ. ಮೊದಲು ಜೊತೆಗಿದ್ದು ನೋಡುವ ಕಾಲ. ಆಮೇಲೆ ನೊವಿಶಿಯೇಟ್, ಅಂದರೆ ವ್ರತಕ್ಕೆ ಮೊದಲಿನ ತರಬೇತಿ, ಕನಿಷ್ಠ 12 ತಿಂಗಳು. ಅದಕ್ಕೆ ಸೇರಲು 17 ತುಂಬಿರಬೇಕು. ಅದಾದ ಮೇಲೆ ಮೊದಲ ವ್ರತ, ಅದೂ ತಾತ್ಕಾಲಿಕ. 3 ವರ್ಷಕ್ಕೆ ಕಡಿಮೆಯಿಲ್ಲ, ಸಾಮಾನ್ಯವಾಗಿ 6 ಮೀರುವುದಿಲ್ಲ. ಆ ಅವಧಿ ಮುಗಿದಾಗ ಅವಳು ಹೊರಟರೆ ಯಾರೂ ತಡೆಯುವಂತಿಲ್ಲ. ಆಜೀವ ವ್ರತಕ್ಕೆ 21 ತುಂಬಿರಲೇಬೇಕು. ಹೊರಬರುವುದು ಕಷ್ಟವಾಗುವುದು ಅದರ ಮೇಲೆ. ಹೆದರಿಸಿಯೋ ಮೋಸದಿಂದಲೋ ಸೇರಿಸಿಕೊಂಡಿದ್ದರೆ ನೊವಿಶಿಯೇಟ್ ಪ್ರವೇಶವೇ ಅಸಿಂಧು. ಇದೆಲ್ಲ ಕ್ಯಾಥೊಲಿಕ್ ಸಭೆಯ 1983ರ ಕ್ಯಾನನ್ ಕಾನೂನಿನಲ್ಲೇ ಇದೆ, ನಿಮ್ಮ ಫಾದರ್ ಹತ್ತಿರ ಕೇಳಿ ನೋಡಿ. ನನ್ನ ಜೊತೆ ನೊವಿಶಿಯೇಟ್‌ನಲ್ಲಿದ್ದವಳೊಬ್ಬಳು ನಡುವೆಯೇ ಹೊರಟು ಮದುವೆಯಾದಳು. ಈಚೆಗೆ ಅವಳ ಮೊಮ್ಮಗನ ಜ್ಞಾನಸ್ನಾನಕ್ಕೆ ಹೋಗಿ ಗಡದ್ದಾಗಿ ಊಟ ಮಾಡಿ ಬಂದೆ.

ಹಾಸಿಗೆ ಹಿಡಿದರೆ? ಮೇಲಿನವರ ಅನುಮತಿ ಪಡೆದು ಕೆಲಕಾಲ ಮನೆಯಲ್ಲಿದ್ದು ನೋಡಿಕೊಳ್ಳಲು ಅವಕಾಶವಿದೆ. ನನ್ನ ತಾಯಿಯ ಕೊನೆಯ ತಿಂಗಳುಗಳಲ್ಲಿ ನಾನು ಹಾಗೇ ಇದ್ದೆ. ಆದರೆ ವರ್ಷಗಟ್ಟಲೆ ಅವಳೇ ಆಸರೆ ಅಂತ ನಂಬಿಕೊಳ್ಳಬೇಡಿ. ಸಂಬಳವೂ ಮನೆಗೆ ಬರುವುದಿಲ್ಲ. ಬೇರೆ ಮಕ್ಕಳಿದ್ದರೆ ಈಗಲೇ ಕೂತು ಮಾತಾಡಿ.

ಎಲ್ಲರೂ ಕೇಳುವುದು ಮದುವೆ ಮತ್ತು ದುಡ್ಡಿನ ವಿಷಯ. ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತಗಳಲ್ಲಿ ನನಗೆ ಕಷ್ಟವಾದದ್ದು ಮೂರನೆಯದು. ವಿಧೇಯತೆ ಅಂದರೆ ನಮ್ಮ ಬದುಕಿನಲ್ಲಿ ಮುಖ್ಯವಾಗಿ ವರ್ಗಾವಣೆ. ಎಪ್ಪತ್ತರ ದಶಕದ ಕೊನೆಯಲ್ಲಿ ಸಾಗರದ ಕಡೆ ಗಣಿತ ಕಲಿಸಲು ಬಂದೆ. ಜುಲೈಯಲ್ಲಿ ಮಕ್ಕಳು ಕಾಲಿಗೆ ಹತ್ತಿದ ಇಂಬಳ ಕಿತ್ತು ಬಾಗಿಲಾಚೆ ಎಸೆದೇ ಬೆಂಚಿಗೆ ಬರುತ್ತಿದ್ದರು. ಅಡಿಕೆ ಕೊಯ್ಲು ಶುರುವಾದರೆ ಅರ್ಧ ತರಗತಿ ಖಾಲಿ, ಹುಡುಗಿಯರೆಲ್ಲ ರಾತ್ರಿ ಅಡಿಕೆ ಸುಲಿದು ಬೆಳಿಗ್ಗೆ ತೂಕಡಿಸುತ್ತಿದ್ದರು. ಶಾಲೆ ಬಿಟ್ಟ ಹುಡುಗಿಯೊಬ್ಬಳನ್ನು ಕರೆತರಲು ಲಾಂಚ್ ಹತ್ತಿ ಶರಾವತಿ ಹಿನ್ನೀರು ದಾಟಿ ತುಮರಿ ಕಡೆಗೂ ಹೋಗಿದ್ದೆ. ಅವಳಪ್ಪ, ‘ನಮ್ಮ ಗದ್ದೆ ಮುಳುಗಿಸಿದವರೂ ಓದಿದವರೇ’ ಅಂದರು. ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ಎಲ್ಲ ಕಳಕೊಂಡ ಮನೆಯದು, ಏನು ಹೇಳಲಿ? ಮಗಳನ್ನು ಮಾತ್ರ ಕಳಿಸಿಕೊಟ್ಟರು. ಅವಳು ಹತ್ತನೇ ತರಗತಿಗೆ ಬಂದ ವರ್ಷ, ಫಲಿತಾಂಶಕ್ಕೆ ಮೊದಲೇ, ನನಗೆ ವರ್ಗ. ಅವಳು ಪಾಸಾದದ್ದು ತಿಳಿದದ್ದು ಒಂದು ಕಾರ್ಡಿನಿಂದ.

ನಿಮ್ಮ ಮಗಳಿಗೆ ಇದನ್ನೇ ಕೇಳಿ. ಕಷ್ಟಪಟ್ಟು ಕಟ್ಟಿದ್ದನ್ನು ಇನ್ನೊಬ್ಬರ ಕೈಗೆ ಕೊಟ್ಟು, ಗೊಣಗದೆ ಅಲ್ಲದಿದ್ದರೂ (ನಾನು ಬೇಕಾದಷ್ಟು ಗೊಣಗಿದ್ದೇನೆ), ಬಸ್ ಹತ್ತುತ್ತಾಳಾ? ತನಗೆ ಆಗದವರ ಜೊತೆ ಒಂದೇ ಅಡುಗೆಮನೆಯಲ್ಲಿ ಏಗುತ್ತಾಳಾ? ಮನೆಯಲ್ಲಿ ಗಂಡು ನೋಡಲು ಶುರುಮಾಡಿದ್ದಕ್ಕೆ ಈ ಹಟ ಬಂದಿದ್ದರೆ, ಗಂಡು ನೋಡುವುದನ್ನು ಒಂದು ವರ್ಷ ನಿಲ್ಲಿಸಿ. ಕಾನ್ವೆಂಟಿನ ಮಾತು ತಾನಾಗಿ ನಿಂತರೂ ನಿಲ್ಲಬಹುದು. ನಿಲ್ಲದಿದ್ದರೆ ಅವಳ ಮಾತಿಗೆ ಬೆಲೆ ಕೊಡಿ. ಡಿಗ್ರಿ ಮುಗಿಸದೆ ಮಾತ್ರ ಕಳಿಸಬೇಡಿ.

ಪ್ರಶ್ನೆ: ಸಂಬಳವನ್ನು ಕೈಯಲ್ಲೇ ಇಟ್ಟುಕೊಳ್ಳದ ನಿಮಗೂ ಆದಾಯ ತೆರಿಗೆಯಂತೆ. ಇದು ಅನ್ಯಾಯವಲ್ಲವೇ?
– ಹಳೆಯ ವಿದ್ಯಾರ್ಥಿ, ಸಾಗರ

ಉತ್ತರ: ನನಗೆ ಹಾಗನ್ನಿಸುವುದಿಲ್ಲ ಮಾರಾಯಾ. ಅನುದಾನಿತ ಶಾಲೆಯಲ್ಲಿ ದುಡಿಯುವ ಸಿಸ್ಟರ್, ಫಾದರ್‌ಗಳ ಸಂಬಳದಲ್ಲೂ ಟಿಡಿಎಸ್ (ಸಂಬಳ ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿಯಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿತು. ವ್ರತ ತೆಗೆದುಕೊಂಡವರು ಲೌಕಿಕಕ್ಕೆ ಸತ್ತಂತೆ, ದುಡ್ಡು ಸಂಸ್ಥೆಯದು ಅನ್ನುವುದು ನಮ್ಮ ಕಡೆಯ ವಾದ. ಆದರೆ ಸರ್ಕಾರದ ಖಜಾನೆಯಿಂದ ಸಂಬಳ ಬರುವಾಗ ಹಾಜರಿ ಪುಸ್ತಕದಲ್ಲಿ ಸಹಿ ಹಾಕಲು ನಾನು ಬದುಕಿಯೇ ಇದ್ದೆನಲ್ಲ! ಪಕ್ಕದ ಬೆಂಚಿನಲ್ಲಿ ಕೂತ ಮೇಷ್ಟ್ರು ಕಟ್ಟುವುದನ್ನು ನಾನೂ ಕಟ್ಟಿದರೆ ತಪ್ಪೇನು? ನಮ್ಮಲ್ಲೇ ಇದನ್ನು ಒಪ್ಪದವರು ಬಹಳ ಮಂದಿ ಇದ್ದಾರೆ, ಊಟದ ಮೇಜಿನಲ್ಲಿ ಈಗಲೂ ಜಗಳ ನಡೆಯುತ್ತದೆ.

ಪ್ರಶ್ನೆ: ನಿವೃತ್ತಿಯಾದ ಮೇಲೆ ಸಿಸ್ಟರ್‌ಗಳು ದಿನವಿಡೀ ಜಪ ಮಾಡುತ್ತಾರಾ?
– ಒಬ್ಬ ಓದುಗ, ತೀರ್ಥಹಳ್ಳಿ

ಉತ್ತರ: ಬೆಳಿಗ್ಗೆ ಪೂಜೆ, ಸಂಜೆ ಜಪಮಾಲೆ. ನಡುವೆ ತರಕಾರಿ ಹೆಚ್ಚುವುದು, ಹಾಸಿಗೆಯಲ್ಲಿರುವ ಹಿರಿಯ ಸಿಸ್ಟರಿಗೆ ಪೇಪರ್ ಓದಿ ಹೇಳುವುದು. ನಾಲ್ಕು ಗಂಟೆಗೆ ಹಾಸ್ಟೆಲ್ ಹುಡುಗಿಯರು ಬೀಜಗಣಿತ ಹಿಡಿದುಕೊಂಡು ಬರುತ್ತಾರೆ. ಪಠ್ಯ ಬದಲಾಗಿದೆ, ನನ್ನ ಹತ್ತಿರ ಇರುವುದೆಲ್ಲ ಹಳೆಯದು. ನಿಮ್ಮ ಮನೆಯಲ್ಲಿ ಈಗಿನ ಹತ್ತನೇ ತರಗತಿಯ ಕನ್ನಡ ಮಾಧ್ಯಮದ ಗಣಿತ ಪುಸ್ತಕ ಬಳಸದೆ ಬಿದ್ದಿದ್ದರೆ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಪೆನ್ನಿನಲ್ಲಿ ಉತ್ತರ ಗೀಚಿದ್ದು ಬೇಡ.