ಒಂದು ಮಾತ್ರೆ ದಿನಕ್ಕೆ ಮೂರು ಸಲ, ಇನ್ನೊಂದು ಒಂದೇ ಸಲ ಯಾಕೆ?

ಜ್ವರಕ್ಕೆ ಪ್ಯಾರಸಿಟಮಾಲ್ ದಿನಕ್ಕೆ ಮೂರು ಸಲ ಬರೆದಿದ್ದಾರೆ, ಬಿಪಿಯ ಆಮ್ಲೋಡಿಪಿನ್ ಮಾತ್ರ ಒಂದೇ ಸಲ, ಪ್ಯಾರಸಿಟಮಾಲ್‌ನ ಮೂರು ಮಾತ್ರೆಯನ್ನೂ ಬೆಳಿಗ್ಗೆಯೇ ಒಟ್ಟಿಗೆ ನುಂಗಿದರೆ ಆಗಲ್ವಾ ಅಂತ ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ನಾನು ಫಾರ್ಮಸಿ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತೇನೆ. ಅವರೂ ಮೊದಲ ವರ್ಷ ಇದನ್ನೇ ಕೇಳುತ್ತಾರೆ.

ಮಾತ್ರೆ ರಕ್ತಕ್ಕೆ ಸೇರಿದ ಕೂಡಲೇ ದೇಹ ಅದನ್ನು ಹೊರಹಾಕುವ ಕೆಲಸಕ್ಕೂ ಕೈ ಹಾಕುತ್ತದೆ. ಲಿವರ್ ಅದರ ರೂಪ ಬದಲಿಸುತ್ತದೆ, ಕಿಡ್ನಿ ಮೂತ್ರದಲ್ಲಿ ಕಳಿಸುತ್ತದೆ. ರಕ್ತದಲ್ಲಿರುವ ಔಷಧ ಅರ್ಧಕ್ಕೆ ಇಳಿಯಲು ಬೇಕಾಗುವ ಹೊತ್ತಿಗೆ ಹಾಫ್-ಲೈಫ್ ಅಂತಾರೆ. ಪ್ಯಾರಸಿಟಮಾಲ್‌ಗೆ ಇದು 2ರಿಂದ 3 ಗಂಟೆ. ಆಮ್ಲೋಡಿಪಿನ್‌ಗೆ 30ರಿಂದ 50 ಗಂಟೆ. ನಿನ್ನೆಯ ಆಮ್ಲೋಡಿಪಿನ್ ಪೂರ್ತಿ ಖಾಲಿಯಾಗುವ ಮೊದಲೇ ಇವತ್ತಿನದು ಬಂದು ಸೇರಿಕೊಳ್ಳುತ್ತದೆ. ಹೀಗೆ ಸೇರುತ್ತಾ ಸೇರುತ್ತಾ ರಕ್ತದಲ್ಲಿ ಒಂದು ಮಟ್ಟ ನಿಲ್ಲಲು ವಾರಕ್ಕೂ ಜಾಸ್ತಿ ಬೇಕಾಗಬಹುದು. ಮೂರು ದಿನ ತಿಂದೆ, ಬಿಪಿ ಇಳಿಯಲಿಲ್ಲ ಅಂತ ಬಿಟ್ಟುಬಿಡುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಇನ್ನು ಮೂರನ್ನೂ ಒಟ್ಟಿಗೆ ನುಂಗುವ ವಿಷಯ. ಮೂರು ಪಟ್ಟು ತಿಂದರೆ ಮೂರು ಪಟ್ಟು ಹೊತ್ತು ಕೆಲಸ ಮಾಡುತ್ತದೆ ಅಂತ ಅನಿಸುತ್ತದೆ, ಅಲ್ವಾ? ಲೆಕ್ಕ ಹಾಗಿಲ್ಲ. ಎರಡು ಪಟ್ಟು ನುಂಗಿದರೆ ಹೆಚ್ಚಿಗೆ ಸಿಗುವುದು ಒಂದು ಹಾಫ್-ಲೈಫ್ ಅಷ್ಟೇ, ಅಂದರೆ ಎರಡು-ಮೂರು ಗಂಟೆ. ಮೂರು ಪಟ್ಟಿಗೆ ಸುಮಾರು ನಾಲ್ಕು ಗಂಟೆ. ಆದರೆ ರಕ್ತದಲ್ಲಿ ಔಷಧದ ಮಟ್ಟ ಒಮ್ಮೆಲೇ ಮೂರು ಪಟ್ಟು ಏರಿಬಿಡುತ್ತದೆ. ಪ್ಯಾರಸಿಟಮಾಲ್‌ನ ಒಂದು ಸಣ್ಣ ಪಾಲು ಲಿವರ್‌ನಲ್ಲಿ ವಿಷವಾಗಿ ಬದಲಾಗುತ್ತದೆ. ಆ ವಿಷವನ್ನು ಗ್ಲುಟಥಯೋನ್ ಎಂಬ ವಸ್ತು ಅಲ್ಲೇ ತಡೆಯುತ್ತದೆ. ಡೋಸ್ ತೀರಾ ಹೆಚ್ಚಾಗಿ ಗ್ಲುಟಥಯೋನ್ ಮುಗಿದುಹೋದರೆ ಲಿವರ್‌ನ ಜೀವಕೋಶಗಳು ಸಾಯಲು ಶುರುವಾಗುತ್ತವೆ. ಮೊದಲ ದಿನ ಹೊರಗೆ ಹೆಚ್ಚೇನೂ ಗೊತ್ತಾಗದೆ ಇರಬಹುದು. ಅದೇ ಭಯ.

ಹಾಫ್-ಲೈಫ್ ಒಂದನ್ನೇ ನೋಡಿದರೂ ತಪ್ಪು ಲೆಕ್ಕ ಆಗುತ್ತದೆ. ಆಸ್ಪಿರಿನ್ ನೋಡಿ. ರಕ್ತದಲ್ಲಿ ಅದರ ಹಾಫ್-ಲೈಫ್ 15ರಿಂದ 20 ನಿಮಿಷ ಮಾತ್ರ. ಆದರೂ ಹೃದಯಾಘಾತ ಆದವರಿಗೆ ದಿನಕ್ಕೆ ಒಂದೇ ಸಲ ಕೊಡುತ್ತಾರೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳಲ್ಲಿರುವ ಒಂದು ಕಿಣ್ವವನ್ನು ಅದು ಹೋಗುವ ಮುಂಚೆ ಶಾಶ್ವತವಾಗಿ ಕೆಡಿಸಿ ಹೋಗುತ್ತದೆ. ಪ್ಲೇಟ್‌ಲೆಟ್‌ಗೆ ನ್ಯೂಕ್ಲಿಯಸ್ ಇಲ್ಲ, ಹೊಸ ಕಿಣ್ವ ಮಾಡಿಕೊಳ್ಳಲು ಬರುವುದಿಲ್ಲ. ಅದು ಬದುಕುವ 7ರಿಂದ 10 ದಿನವೂ ಹಾಗೇ ಇರುತ್ತದೆ. ಔಷಧ ಹೋದರೂ ಅದರ ಕೆಲಸ ಉಳಿಯುತ್ತದೆ. ಇದನ್ನು ಎಷ್ಟು ವರ್ಷ ಪಾಠ ಮಾಡಿದರೂ ನನಗೆ ಬೇಸರವಾಗಿಲ್ಲ.

ಕಿಡ್ನಿ ಸೋತವರ ಲೆಕ್ಕವೇ ಬೇರೆ. ನಮ್ಮ ತಂದೆಗೆ ಹೃದಯಕ್ಕೆ ಡಿಗಾಕ್ಸಿನ್ ಕೊಡುತ್ತಿದ್ದರು. ಅದು ಹೆಚ್ಚಾಗಿ ಕಿಡ್ನಿಯಿಂದಲೇ ಹೊರಹೋಗುತ್ತದೆ. ಸರಿಯಾದ ಕಿಡ್ನಿ ಇದ್ದರೆ ಹಾಫ್-ಲೈಫ್ ಒಂದೂವರೆ-ಎರಡು ದಿನ, ಪೂರ್ತಿ ಕೆಟ್ಟಿದ್ದರೆ ನಾಲ್ಕೈದು ದಿನದವರೆಗೂ ಎಳೆಯುತ್ತದೆ. ಅವರ ರಕ್ತ ಪರೀಕ್ಷೆ ನೋಡಿದ ಮೇಲೆ ಡಾಕ್ಟರ್ ಡೋಸ್ ಅರ್ಧ ಮಾಡಿದರು. ಪಕ್ಕದವರ ಚೀಟಿ ನೋಡಿ ಸುಮ್ನೆ ಅದೇ ಮಾತ್ರೆ ತಿನ್ನಬೇಡಿ ಅನ್ನುವುದು ಇದಕ್ಕೇ.

ದಿನಕ್ಕೆ ಮೂರು ಸಲ ನೆನಪಿಟ್ಟುಕೊಳ್ಳುವುದು ಕಷ್ಟ ಅನ್ನುವುದು ನನಗೆ ಅರ್ಥವಾಗುತ್ತದೆ. ಕೆಲವು ಔಷಧಗಳು ನಿಧಾನವಾಗಿ ಬಿಡುಗಡೆಯಾಗುವ ರೂಪದಲ್ಲೂ ಸಿಗುತ್ತವೆ. ಹೆಸರಿನ ಪಕ್ಕ ಎಸ್ಆರ್ ಅಥವಾ ಎಕ್ಸ್ಆರ್ ಅಂತ ಇರುತ್ತದೆ. ನಿಮಗೆ ಅದು ಆಗುತ್ತದಾ ಅಂತ ಡಾಕ್ಟರನ್ನು ಕೇಳಿ. ಕೊಟ್ಟರೆ ಅದನ್ನು ಪುಡಿ ಮಾಡಬೇಡಿ, ಅಗಿಯಬೇಡಿ. ಇಡೀ ದಿನದ ಔಷಧ ಒಂದೇ ಸಲಕ್ಕೆ ರಕ್ತಕ್ಕೆ ಇಳಿದುಬಿಡುತ್ತದೆ.