ಮೊದಲ ಪ್ಯಾರಾನೇ ದಾಟೋಕಾಗ್ತಿಲ್ಲ ಮೇಡಂ

ಪ್ರಶ್ನೆ: ನನಗೆ 31 ವರ್ಷ, ಹಾಸನದಲ್ಲಿ ಮನೆಯಿಂದಾನೇ ಕಂಟೆಂಟ್ ರೈಟಿಂಗ್ ಮಾಡ್ತೀನಿ. ಬೆಂಗಳೂರಿನ ಒಂದು ಆಫೀಸಿನವ್ರು ನಮ್ಮ ಜಿಲ್ಲೆ ಬಗ್ಗೆ ಪುಸ್ತಿಕೆ ತರ್ತಿದಾರೆ, ಅದಕ್ಕೆ ಕನ್ನಡದ ಅತೀ ಹಳೇದು ಅಂತ ಹೆಸರಾದ ಹಲ್ಮಿಡಿ ಶಾಸನದ ಮೇಲೆ 1500 ಪದದ ಲೇಖನ ಕೇಳಿದ್ರು. ಡೆಡ್‌ಲೈನ್ ಮುಗಿದು ಒಂಬತ್ತು ದಿನ ಆಯ್ತು. ಮೊದಲ ಪ್ಯಾರಾನೇ ಮೂವತ್ತು ಸಲ ಬರೆದು ಅಳಿಸಿದೀನಿ. ಕೆಲವರು ಕ್ರಿ.ಶ. 450 ಅಂತಾರೆ, ಕೆಲವರು ಇನ್ನೂ ಈಚಿನದು ಅಂತಾರೆ, ಈಗ ನೋಡಿದ್ರೆ ಶಿವಮೊಗ್ಗ ಜಿಲ್ಲೆ ತಾಳಗುಂದದ ಶಾಸನಾನೇ ಹಳೇದು ಅಂತಾನೂ ಇದೆ, ಯಾವ್ದು ಬರೀಲಿ ಅಂತ ಓದ್ತಾ ಓದ್ತಾ ರಾತ್ರಿ ಎರಡಾಗತ್ತೆ. ಎಡಿಟರ್ ಫೋನ್ ಬಂದ್ರೆ ಎತ್ತೋಕೆ ಕೈ ನಡುಗತ್ತೆ. ಎಸ್ಸೆಸ್ಸೆಲ್ಸೀಲಿ ಕನ್ನಡಕ್ಕೆ 125ಕ್ಕೆ 124 ಬಂದಾಗ ಅಪ್ಪ "ಆ ಒಂದ್ ಮಾರ್ಕ್ಸ್ ಎಲ್ಲಿ ಹೋಯ್ತು" ಅಂದಿದ್ರು, ಯಾಕೋ ಈಗ ಅದೇ ನೆನಪಾಗ್ತಿದೆ. ಹಲ್ಮಿಡಿಗೇ ಒಂದ್ಸಲ ಹೋಗ್ಬಂದ್ರೆ ಬರಿಯೋಕಾಗತ್ತೇನೋ. ನಾನು ಸೋಮಾರಿನಾ ಮೇಡಂ?

ಉತ್ತರ: ಸೋಮಾರಿ ಆದವ್ರು ಒಂದು ಇಸವಿಗೋಸ್ಕರ ರಾತ್ರಿ ಎರಡರ ತನಕ ಎದ್ದಿರಲ್ಲ ಕಣಮ್ಮಾ. ಮೊದಲು ಆ ಮಾತು ಬಿಡಿ.

ನಿಮ್ಮ ಪತ್ರದಲ್ಲಿ ನನ್ನನ್ನ ಹಿಡಿದು ನಿಲ್ಲಿಸಿದ್ದು ಆ ಒಂದು ಮಾರ್ಕ್ಸು. 1991ರಲ್ಲಿ ಪಾಲ್ ಹ್ಯೂಯಿಟ್, ಗೋರ್ಡನ್ ಫ್ಲೆಟ್ ಅನ್ನೋ ಇಬ್ರು ಮನಶ್ಶಾಸ್ತ್ರಜ್ಞರು ಎಲ್ಲಾ ಒಂಚೂರೂ ತಪ್ಪಿಲ್ದೇ ಇರ್ಬೇಕು ಅನ್ನೋ ಈ ಪರ್ಫೆಕ್ಷನಿಸಂನ ಮೂರು ಥರ ವಿಂಗಡಿಸಿದ್ರು. ನನ್ನಿಂದ ತಪ್ಪಾಗ್ಬಾರ್ದು ಅನ್ನೋದು ಒಂದು, ಬೇರೆಯವ್ರು ತಪ್ಪು ಮಾಡ್ಬಾರ್ದು ಅನ್ನೋದು ಇನ್ನೊಂದು, ಎಲ್ರೂ ನನ್ನಿಂದ ಪೂರ್ತಿ 125 ಕೇಳ್ತಾ ಇದಾರೆ ಅನ್ನೋ ಭಯ ಮೂರನೇದು. ಜಾಸ್ತಿ ನೋಯಿಸೋದು ಈ ಮೂರನೇದೇ, ಕೈ ನಡುಗ್ತಿರೋದೂ ಅದರಿಂದಾನೇ ಇರ್ಬೇಕು. ನಿಮ್ಮ ಎಡಿಟರ್ ಕೇಳ್ತಿರೋದು ಲೇಖನ, ನಿಮಗೆ ಕೇಳಿಸ್ತಿರೋದು ಅಪ್ಪನ ದನಿ.

ಇನ್ನು ಇಸವಿ ವಿಷ್ಯ. ಆ ಕಲ್ಲಿನ ಮೇಲೆ ಇಸವೀನೇ ಇಲ್ವಲ್ಲಮ್ಮಾ! ಡಾ. ಎಂ.ಎಚ್. ಕೃಷ್ಣ ಅವ್ರು 1936ರಲ್ಲಿ ಅದನ್ನ ಪತ್ತೆ ಮಾಡಿದಾಗ ಇದ್ದಿದ್ದು ಹದಿನಾರು ಸಾಲು ಅಷ್ಟೇ, ಅಕ್ಷರದ ರೂಪ, ಅದರಲ್ಲಿ ಬರೋ ಕದಂಬ ರಾಜನ ಹೆಸರು ಇದನ್ನೆಲ್ಲ ಇಟ್ಕೊಂಡು ವಿದ್ವಾಂಸರು ಕ್ರಿ.ಶ. ಸುಮಾರು 450 ಅಂತ ಲೆಕ್ಕ ಹಾಕಿದ್ದು. ಆ "ಸುಮಾರು" ಅನ್ನೋ ಪದ ನೋಡಿ. ಜೀವನ ಪೂರ್ತಿ ಶಾಸನ ಓದಿದವ್ರೇ ಆ ಪದ ಬಳಸಿ ಮುಂದಕ್ಕೆ ಹೋಗಿದಾರೆ, ಅದರಿಂದ ಅವ್ರ ಕೆಲಸ ಏನೂ ಕಡಿಮೆ ಆಗ್ಲಿಲ್ಲ. ನೀವೂ "ಕ್ರಿ.ಶ. ಸುಮಾರು 450ರದ್ದು ಅಂತಾರೆ, ತಾಳಗುಂದದಲ್ಲಿ ಸಿಕ್ಕಿರೋದು ಕ್ರಿ.ಶ. 370ರದ್ದು, ಇದಕ್ಕಿಂತ ಹಳೇದು ಅನ್ನೋ ಅಭಿಪ್ರಾಯಾನೂ ಇದೆ" ಅಂತ ಒಂದೇ ಸಾಲು ಬರೀರಿ, ಓದೋರಿಗೆ ಮೋಸ ಆಗಲ್ಲ.

ನಾನಿರೋದು ಚಿಕ್ಕಮಗಳೂರಲ್ಲಿ, ಸುತ್ತಾ ಕಾಫಿ ತೋಟ. ಹಣ್ಣು ಕೊಯ್ತಾರೆ, ಸಿಪ್ಪೆ ಬಿಡಿಸೋ ಪಲ್ಪಿಂಗ್ ಮಾಡ್ತಾರೆ, ಕಣದಲ್ಲಿ ಒಣಗಿಸ್ತಾರೆ, ಎಎ, ಎ, ಬಿ, ಪಿಬಿ ಅಂತ ಗ್ರೇಡ್ ನೋಡಿ ಕಾಳು ಬೇರೆ ಮಾಡೋದು ಎಷ್ಟೋ ದಿನ ಆದ್ಮೇಲೆ, ಕಾಳು ಹದ ಮಾಡೋ ಕ್ಯೂರಿಂಗ್ ವರ್ಕ್ಸಲ್ಲಿ. ಗಿಡದ ಬುಡದಲ್ಲೇ ನಿಂತು ಒಂದೊಂದು ಹಣ್ಣು ಹಿಚುಕಿ ಒಳಗಿನ ಕಾಳು ಯಾವ ಗ್ರೇಡು ಅಂತ ನೋಡ್ತಾ ಕೂತ್ರೆ ಸಂಜೆಗೆ ಒಂದು ಬುಟ್ಟೀನೂ ತುಂಬಲ್ಲ. ನೀವು ಒಂಬತ್ತು ದಿನದಿಂದ ಮಾಡ್ತಿರೋದು ಅದನ್ನೇ.

ಹಂಗಾಗಿ ನಾಳೆ ಬೆಳಿಗ್ಗೆ ಲ್ಯಾಪ್‌ಟಾಪ್ ತೆಗೀಬೇಡಿ. ಶಾಸನ ಅಂದ್ರೇನು ಅಂತ ಗೊತ್ತಿಲ್ದಿರೋ ಗೆಳತಿಗೆ ವಾಟ್ಸಾಪಲ್ಲಿ ಹೇಳ್ತಿದೀನಿ ಅನ್ಕೊಂಡು ಹತ್ತು ನಿಮಿಷ ವಾಯ್ಸ್ ರೆಕಾರ್ಡ್ ಮಾಡಿ, ಆಮೇಲೆ ಅದನ್ನ ಕೇಳ್ತಾ ಪೇಪರ್ ಮೇಲೆ ಪೆನ್ನಲ್ಲಿ ಇಳಿಸಿ, ಎರಡನೇ ಪ್ಯಾರಾಯಿಂದ ಶುರು ಮಾಡಿ, ಇಸವಿನೋ ಹೆಸರೋ ನೆನಪಾಗ್ದೇ ಇದ್ರೆ ಅಲ್ಲಿ "ನೋಡ್ಬೇಕು" ಅಂತ ಬರೆದು ಜಾಗ ಬಿಟ್ಟು ಮುಂದೆ ಹೋಗಿ. ಮಧ್ಯದಲ್ಲಿ ಗೂಗಲ್ ಬೇಡ್ವೇ ಬೇಡ. ಮೊದಲ ಪ್ಯಾರಾ ಕೊನೇಲಿ ಬರೀರಿ.

ಎಡಿಟರ್‌ಗೆ ಮಾತ್ರ ಇವತ್ತೇ ಫೋನ್ ಮಾಡಿ. ಇದು ಕಷ್ಟ ಅಂತ ನಂಗೊತ್ತು, ನಾನೇ ನನ್ನ ಎಂ.ಫಿಲ್ ಪ್ರಬಂಧನ ಎಂಟು ತಿಂಗಳು ಬೀರುವಲ್ಲಿ ಇಟ್ಕೊಂಡಿದ್ದೆ, ಗೈಡ್ ಎದುರು ಸಿಕ್ಕಿದ್ರೆ ಕಾರಿಡಾರಲ್ಲಿ ತಿರುಗಿ ಹೋಗ್ತಿದ್ದೆ. ಕೊನೆಗೆ ಒಯ್ದು ಕೊಟ್ಟಾಗ ಅವ್ರು ನಾಲ್ಕು ಕಡೆ ಕೆಂಪು ಗೆರೆ ಎಳೆದು ವಾಪಸ್ ಕೊಟ್ರು. ನಾಲ್ಕೇ ಕಡೆ! "ಮೇಡಂ, ಲೇಟಾಗಿದೆ, ತಪ್ಪು ನಂದೇ. ನಾಳಿದ್ದು ಸಂಜೆ 700 ಪದದ ರಫ್ ಕಾಪಿ ಕಳಿಸ್ತೀನಿ, ನೋಡಿ ಹೇಳಿ" ಅಂತ ಅಷ್ಟೇ ಹೇಳಿ. ಕಾರಣ ವಿವರಿಸೋಕೆ ಹೋಗ್ಬೇಡಿ, ಅದನ್ನೂ ತಿದ್ದೋಕೆ ಕೂತ್ಬಿಡ್ತೀರಿ.

ಲೇಖನ ಕೊಟ್ಟ ಮೇಲೂ ನಿದ್ದೆ ಬರ್ದೇ ಇದ್ರೆ, ಎದೆ ಡವಡವ ಅನ್ನೋದು ನಿಲ್ದಿದ್ರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ಬೋದು.

ಹಲ್ಮಿಡಿಗೆ ಖಂಡಿತ ಹೋಗಿ. ಮೂಲ ಕಲ್ಲು ಮೈಸೂರಲ್ಲಿದೆ, ಊರಲ್ಲಿರೋದು ಅದರ ಪ್ರತಿಕೃತಿ, ಆದ್ರೂ ಅದರ ಮುಂದೆ ನಿಲ್ಲೋದು ಚೆನ್ನಾಗಿರತ್ತೆ. ಲೇಖನ ಕಳಿಸಿದ ಮಾರನೇ ದಿನ ಹೋಗಿ, ಅದಕ್ಕೆ ಮುಂಚೆ ಬೇಡ.